ಕತ್ತರಿಸದ ಹನ್ನೊಂದು ನಿಮಿಷ

ಕಳೆದ ವಾರ ರಕ್ತ ಪರೀಕ್ಷೆಗೆಂದು ಸಲ್ಮಾನಿಯಾ ಆಸ್ಪತ್ರೆಗೆ ಹೋದವನು ಕಾರು ನಿಲ್ಲಿಸಲು ಜಾಗ ಸಿಗದೆ ಹಿಂದಿನ ಗಲ್ಲಿಗಳಲ್ಲಿ ಸುತ್ತುತ್ತಿದ್ದೆ. ನಮ್ಮ ಸಂಘದವರು ಬಾಡಿಗೆಗೆ ಹಿಡಿಯುತ್ತಿದ್ದ ಹಳೆಯ ಹಾಲ್ ಎದುರಾಯಿತು. ಈಗ ಅದು ಸೋಫಾ ಮಾರುವ ಅಂಗಡಿ. ಬಾಗಿಲು ತೆರೆದೇ ಇತ್ತು. ಎಸಿಯ ತಂಪಿನ ಜೊತೆ ಹಳೆಯ ಕಾರ್ಪೆಟ್ಟಿನ ಮುಗ್ಗಲು ವಾಸನೆ ಹೊರಗೆ ಬಂತು. ಅಂಗಡಿ ಬದಲಾಗಿದೆ, ಕಾರ್ಪೆಟ್ ಬದಲಾಗಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ಒಂದು ಬೇಸಿಗೆ ಇಡಿಯಾಗಿ ನೆನಪಾಯಿತು. ನೆನಪಾದದ್ದಷ್ಟೇ ಅಲ್ಲ, ಸಿಟ್ಟೂ ಬಂತು. ಸಿಟ್ಟು ಇನ್ನೂ ಆರಿಲ್ಲವಲ್ಲ ಎಂದು ಒಳಗೊಳಗೆ ಸಂತೋಷವೂ ಆಯಿತು.

ನಾನು ಕ್ಷೌರಿಕ. ಗಲ್ಫಿನ ಈ ದ್ವೀಪದಲ್ಲಿ, ವಿಮಾನ ನಿಲ್ದಾಣದ ಪಕ್ಕದ ಅರಾದಿನಲ್ಲಿ ನನ್ನದೊಂದು ಮೂರು ಕುರ್ಚಿಯ ಸಲೂನು ಇದೆ. ತಲೆಯ ಮೇಲೆ ವಿಮಾನ ಇಳಿಯುವಾಗ ಗಿರಾಕಿಯ ಮಾತು ಕೇಳಿಸುವುದಿಲ್ಲ, ಕನ್ನಡಿ ಸಣ್ಣಗೆ ನಡುಗುತ್ತದೆ. ನನ್ನ ವೀಸಾ ಕಾಗದದಲ್ಲಿ ಅರಬ್ಬಿಯಲ್ಲಿ ಹಲ್ಲಾಕ್ ಎಂದಿದೆ, ಇಂಗ್ಲಿಷಿನಲ್ಲಿ ಬಾರ್ಬರ್ ಎಂದಿದೆ. ನಮ್ಮ ಕರಾವಳಿಯವರ ಸಂಘದಲ್ಲಿ ಮಾತ್ರ ನಾನು 'ಮೇಕಪ್ ಕರುಣಾಕರ'. ಹದಿನಾಲ್ಕು ವರ್ಷ ಅವರ ನಾಟಕಗಳಿಗೆ, ಮಕ್ಕಳ ಛದ್ಮವೇಷಕ್ಕೆ ಪರದೆಯ ಹಿಂದೆ ಬಣ್ಣ ಹಚ್ಚಿದ್ದೇನೆ, ಮೀಸೆ ಅಂಟಿಸಿದ್ದೇನೆ. ಪರದೆಯ ಮುಂದೆ ಒಂದು ದಿನವೂ ಬಂದವನಲ್ಲ. ಬಾ ಎಂದು ಯಾರೂ ಕರೆಯಲಿಲ್ಲ, ಬರುತ್ತೇನೆ ಎಂದು ನಾನೂ ಹೇಳಲಿಲ್ಲ. ನನ್ನ ಹೆಂಡತಿ ಶಾಲಿನಿ ಹಲ್ಲಿನ ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿನಲ್ಲಿದ್ದಾಳೆ. ಊರಿನವರು ಯಾರಾದರೂ "ಯಜಮಾನರಿಗೆ ಎಂತ ಕೆಲಸ?" ಎಂದು ಕೇಳಿದರೆ "ಬಿಸಿನೆಸ್" ಅನ್ನುತ್ತಿದ್ದಳು. ಅದು ನನಗೆ ನೋಯುತ್ತಿತ್ತು. ನೋಯುತ್ತದೆ ಎಂದು ನಾನೂ ಹೇಳಿರಲಿಲ್ಲ, ಹಾಗಾಗಿ ತಪ್ಪು ಅವಳದ್ದು ಮಾತ್ರ ಅಲ್ಲ.

ವಿಮಾನಗಳೆಲ್ಲ ನಿಂತುಹೋಗಿದ್ದ ಆ ರೋಗದ ವರ್ಷ ಕಳೆದು ಎರಡನೆಯ ಬೇಸಿಗೆ ಅದು. ಜುಲೈಯಲ್ಲಿ ಇಲ್ಲಿಯ ಗಾಳಿ ಹೇಗಿರುತ್ತದೆ ಎಂದರೆ, ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಅರ್ಧ ಸಂಘ ರಜೆಯಲ್ಲಿ ಊರಿಗೆ ಹೋಗಿತ್ತು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಸರಕಾರದ ನಿಯಮ. ಹಾಗಾಗಿ ಕಟ್ಟಡಗಳ ತಾರಸಿಯಲ್ಲಿ ಎಸಿ ರಿಪೇರಿ ಮಾಡುವ ಮುರುಗೇಶನ್ ಆ ನಾಲ್ಕು ಗಂಟೆ ನನ್ನ ಅಂಗಡಿಯಲ್ಲೇ ಬಿದ್ದಿರುತ್ತಿದ್ದ. ತಮಿಳಿಗ, ನನಗಿಂತ ಹತ್ತು ವರ್ಷ ಚಿಕ್ಕವನು, ಓದಿನ ಹುಚ್ಚಿನವನು. ನನ್ನ ಅಂಗಡಿಯ ಎಸಿ ಕೆಟ್ಟಾಗ ಬಂದವನು ಮತ್ತೆ ಹೋಗಲೇ ಇಲ್ಲ ಅನ್ನಬೇಕು.

ಗಲ್ಫಿಗೆ ಬರುವ ಮೊದಲು ನಾನು ಕೊಯಮತ್ತೂರಿನ ಒಂದು ಸಲೂನಿನಲ್ಲಿ ನಾಲ್ಕು ವರ್ಷ ಇದ್ದವನು. ತಮಿಳು ಕಿವಿಗೆ ಚೆನ್ನಾಗಿ ಹತ್ತುತ್ತದೆ, ಕಣ್ಣಿಗೆ ಹತ್ತುವುದಿಲ್ಲ. ಆದ್ದರಿಂದ ಮುರುಗೇಶನ್ ಮೂರನೆಯ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಕಾಲು ಚಾಚಿ ಒಂದು ತಮಿಳು ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದ, ನಾನು ಬಾಚಣಿಗೆ ತೊಳೆಯುತ್ತಾ ಕೇಳುತ್ತಿದ್ದೆ. ವಿಮಾನ ಬಂದರೆ ನಿಲ್ಲಿಸುತ್ತಿದ್ದ, ಹೋದ ಮೇಲೆ ಅದೇ ವಾಕ್ಯವನ್ನು ಮತ್ತೆ ಓದುತ್ತಿದ್ದ. ಮುಗಿಯಲು ಮೂರು ವಾರ ಹಿಡಿಯಿತು.

ಪುಸ್ತಕದ ಹೆಸರು ಬೇಡ, ಕಥೆ ಸಾಕು. ಬರಡು ಸೀಮೆಯ ಒಂದು ಹಳ್ಳಿ. ಅಲ್ಲಿಯ ಕ್ಷೌರಿಕ ಪಳನಿ. ಅವನ ಹೆಂಡತಿ ಊರಿಗೆಲ್ಲ ಸೂಲಗಿತ್ತಿ. ದೊಡ್ಡ ಮನೆಯ ಎಲ್ಲ ಮಕ್ಕಳನ್ನೂ ಅವಳೇ ಕೈನೀಡಿ ಹೊರಗೆ ತಂದವಳು. ಅವಳು ಸತ್ತಾಗ ಆ ಮನೆಯಿಂದ ಒಂದು ನರಪಿಳ್ಳೆಯೂ ಬರುವುದಿಲ್ಲ. ವರ್ಷ ಕಳೆದು ದೊಡ್ಡ ಮನೆಯ ಯಜಮಾನ ಸಾಯುತ್ತಾನೆ. ಪಳನಿಗೆ ಕರೆ ಬರುತ್ತದೆ. ಅವನು ಹೋಗುತ್ತಾನೆ. ಹೆಣದ ಗಡ್ಡವನ್ನು ಎಷ್ಟು ಅಚ್ಚುಕಟ್ಟಾಗಿ, ಎಷ್ಟು ಪ್ರೀತಿಯಿಂದ ತೆಗೆಯುತ್ತಾನೆ ಎಂದರೆ ಮನೆಯವರೇ ಬೆರಗಾಗುತ್ತಾರೆ. ಆಮೇಲೆ ಹಿರಿಮಗ ಬಂದು ತಲೆ ಬೋಳಿಸಿಕೊಳ್ಳಲು ಕುಳಿತು ತಲೆ ಬಗ್ಗಿಸುತ್ತಾನೆ. ಪಳನಿ ಕತ್ತಿ ತೊಳೆಯುತ್ತಾನೆ, ಒರೆಸುತ್ತಾನೆ, ಪೆಟ್ಟಿಗೆ ಮುಚ್ಚುತ್ತಾನೆ, ಎದ್ದು ನಡೆಯುತ್ತಾನೆ. ಸತ್ತವನ ಸೇವೆ ಮಾಡಿದ, ಬದುಕಿದವನಿಗೆ ಮಾಡಲಿಲ್ಲ. ಕಥೆ ಅಷ್ಟೇ. ಅಷ್ಟನ್ನು ಕೇಳಿ ನಾನು ಆ ದಿನ ನಾಲ್ಕು ಗಂಟೆಯ ಗಿರಾಕಿಯ ಎದುರು ಕತ್ತರಿ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದೆ.

ಅದೇ ಕಾದಂಬರಿ ಸಿನಿಮಾ ಆಗಿದೆ ಎಂದು ಮುರುಗೇಶನ್ ಹೇಳಿದ. ಹಾಡಿಲ್ಲ, ಹೊಡೆದಾಟವಿಲ್ಲ, ಥಿಯೇಟರಿನಲ್ಲಿ ಒಂದು ವಾರವೂ ನಿಂತಿಲ್ಲ. ಲ್ಯಾಪ್‌ಟಾಪಿನಲ್ಲಿ ಇಬ್ಬರೂ ನೋಡಿದೆವು, ನೋಡಿ ಜಗಳ ಆಡಿದೆವು. ಪುಸ್ತಕದಲ್ಲಿ ಹೆಣದ ಎದುರು ಕುಳಿತ ಪಳನಿಯ ಮನಸ್ಸಿನ ಮಾತು ಪುಟಗಟ್ಟಲೆ ಬರುತ್ತದೆ. ಸಿನಿಮಾದಲ್ಲಿ ಆ ಜಾಗದಲ್ಲಿ ಒಂದು ಮಾತೂ ಇಲ್ಲ. ಹನ್ನೊಂದು ನಿಮಿಷ ಬರೀ ಕೈ, ಕತ್ತಿ, ನೀರು.

"ಅಣ್ಣಾ, ಬರೆದವರ ಮಾತನ್ನೆಲ್ಲ ಈ ಡೈರೆಕ್ಟರ್ ತಿಂದುಬಿಟ್ಟ" ಎಂದು ಮುರುಗೇಶನ್ ತಮಿಳಿನಲ್ಲಿ ಕೂಗಾಡಿದ.

"ತಿಂದಿಲ್ಲ ಮಾರಾಯಾ, ಕೈಯಲ್ಲಿ ಹೇಳ್ಸಿದ್ದಾನೆ" ಎಂದೆ ನಾನು. "ಆ ಹೆಬ್ಬೆರಳು ನೋಡು. ಸತ್ತವರ ಚರ್ಮ ಎಳೆದ್ರೆ ವಾಪಸ್ ಬರುದಿಲ್ಲ. ಅದಕ್ಕೇ ಅವ ಎಳೆಯುದಿಲ್ಲ, ಒತ್ತಿ ಹಿಡೀತಾನೆ. ಅದನ್ನು ಕಲಿಸ್ಲಿಕ್ಕೆ ನಮ್ಮವ ಯಾರೋ ಪಕ್ಕದಲ್ಲಿ ಇದ್ದಿರ್ಬೇಕು."

ನನಗೆ ಅದನ್ನು ಕಲಿಸಿದ್ದು ಅಪ್ಪ. ನನಗಾಗ ಹದಿನೇಳು ವರ್ಷ, ಕಲಿಯುವಾಗ ಚರ್ಮ ಎಳೆದು ಬೈಸಿಕೊಂಡಿದ್ದೆ. ಪರದೆಯ ಮೇಲೆ ಅಪ್ಪನ ಕೈಯನ್ನು ಕಂಡಹಾಗಾಯಿತು, ಅಳು ಬಂತು. ಹೀಗೆ ನಮ್ಮ ಕೆಲಸವನ್ನು ಯಾರಾದರೂ ಹನ್ನೊಂದು ನಿಮಿಷ ಕಣ್ಣು ಮಿಟುಕಿಸದೆ ನೋಡಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ನಮ್ಮ ಸಂಘದವರೂ ನೋಡಬೇಕು ಎಂದು ಆ ಕ್ಷಣವೇ ನಿಶ್ಚಯಿಸಿದೆ.

ಆಗಸ್ಟಿನ ಮೊದಲ ಶುಕ್ರವಾರ ಸಂಘದ ಆಟಿ ಕೂಟವಿತ್ತು. ಆಟಿ ಎಂದರೆ ತುಳುನಾಡಿನಲ್ಲಿ ಮಳೆ ಹೊಯ್ಯುವ, ಅಕ್ಕಿ ಮುಗಿಯುವ, ಶುಭಕಾರ್ಯ ಇಲ್ಲದ ತಿಂಗಳು. ಹಿರಿಯರು ಕೆಸುವಿನ ಎಲೆ, ಹಲಸಿನ ಬೀಜ ತಿಂದು ದಿನ ದೂಡುತ್ತಿದ್ದರು. ಗಲ್ಫಿನಲ್ಲಿ ನಾವು ಅದನ್ನು ಹಬ್ಬ ಮಾಡಿದ್ದೇವೆ. ಎಸಿ ಹಾಲಿನಲ್ಲಿ ಅದೇ ಎಲೆಯ ಪತ್ರೊಡೆ, ಯಾರದೋ ಸೂಟ್‌ಕೇಸಿನಲ್ಲಿ ಬಂದ ಪಾಲೆ ಮರದ ತೊಗಟೆಯ ಕಷಾಯ, ಆಮೇಲೆ ಮೈಕಿನಲ್ಲಿ ಹಿರಿಯರ ಕಷ್ಟದ ಭಾಷಣ. ಪತ್ರೊಡೆ ನನಗೂ ಇಷ್ಟವೇ. ಆದರೆ ನಮ್ಮ ಮನೆಯ ಆಟಿ ಬೇರೆ. ಮದುವೆ ಇಲ್ಲ, ಉಪನಯನ ಇಲ್ಲ ಎಂದರೆ ಅಪ್ಪನಿಗೆ ಕೆಲಸ ಇಲ್ಲ. ಆ ತಿಂಗಳಲ್ಲಿ ಯಾರಾದರೂ ಅಪ್ಪನನ್ನು ಕರೆಯಲು ಬಂದರೆ ಎಲ್ಲೋ ಸಾವಾಗಿದೆ ಎಂದೇ ಅರ್ಥ. ಆ ಕಷ್ಟದ ಬಗ್ಗೆ ಮೈಕಿನಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ನಾಟಕದ ತಂಡ ಊರಿನಲ್ಲಿತ್ತು, ಊಟದ ನಂತರ ಏನು ಮಾಡುವುದೆಂದು ಸಮಿತಿ ತಲೆ ಕೆರೆದುಕೊಳ್ಳುತ್ತಿತ್ತು. ಒಂದು ಒಳ್ಳೆಯ ತಮಿಳು ಸಿನಿಮಾ ಇದೆ, ಕನ್ನಡದಲ್ಲಿ ಸಬ್‌ಟೈಟಲ್ ಹಾಕಿ ತೋರಿಸುತ್ತೇನೆ ಎಂದೆ. ಅಧ್ಯಕ್ಷರಾದ ಸದಾನಂದಣ್ಣ ಕೂಡಲೇ ಒಪ್ಪಿದರು. ಮುರುಗೇಶನ್ ಚಿತ್ರತಂಡಕ್ಕೆ ಬರೆದ, ಒಂದು ಸಲ ತೋರಿಸಿಕೊಳ್ಳಿ ಎಂದು ಅವರು ಫೈಲು ಕಳಿಸಿದರು. ಕಥೆ ಏನೆಂದು ಯಾರೋ ಸದಾನಂದಣ್ಣನ ಕಿವಿಗೆ ಹಾಕಿದ ಮೇಲೆ ನನ್ನನ್ನು ಸಮಿತಿಯ ಸಭೆಗೆ ಕರೆಸಿದರು.

"ಅಲ್ಲ ಕರುಣಾಕರ, ನಮ್ಮದು ಆಟಿ ಕೂಟ. ಜನ ಪತ್ರೊಡೆ ತಿನ್ಲಿಕ್ಕೆ ಬರುದು. ಅವರಿಗೆ ಹೆಣ ತೋರ್ಸುದಾ?"

"ಊಟ ಆದ ಮೇಲೆ ಅಲ್ವಾ ಸದಾನಂದಣ್ಣ ತೋರ್ಸುದು."

"ತಮಾಷೆ ಬೇಡ. ಪಿಕ್ಚರ್ ತೋರ್ಸು, ನಾನು ಬೇಡ ಹೇಳುದಿಲ್ಲ. ಆ ಒಂದು ಸೀನ್ ತೆಗಿ. ಹೆಣದ ಗಡ್ಡ ಕೆರೆಯುದನ್ನು ಯಾರು ಮಾರಾಯಾ ನೋಡ್ತಾರೆ? ಅಸಹ್ಯ."

ಅಸಹ್ಯ ಎಂದವರು ಬೇರೆ ಯಾರಾದರೂ ಆಗಿದ್ದರೆ ನಾನು ಅಷ್ಟು ಕೆರಳುತ್ತಿರಲಿಲ್ಲವೇನೋ. ವಿಮಾನ ನಿಂತ ವರ್ಷ ಸದಾನಂದಣ್ಣನ ತಂದೆ ಊರಿನಲ್ಲಿ ತೀರಿಕೊಂಡಿದ್ದರು. ಹೋಗಲು ದಾರಿ ಇಲ್ಲ, ಸಲೂನುಗಳೂ ಮುಚ್ಚಿವೆ. ಫೋನು ಬಂತು, ತಲೆ ಬೋಳಿಸಲು ಬುಸೈತೀನಿನ ಅವರ ವಿಲ್ಲಾಕ್ಕೆ ಹೋದೆ. ಹಿತ್ತಿಲಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅಷ್ಟು ದೊಡ್ಡ ಮನುಷ್ಯ ನನ್ನ ಮುಂದೆ ತಲೆ ಬಗ್ಗಿಸಿ ಮಗುವಿನ ಹಾಗೆ ಅತ್ತರು, ನನ್ನ ಮಣಿಕಟ್ಟು ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಕೂದಲನ್ನು ನಾನೇ ಗುಡಿಸಿ ಚೀಲಕ್ಕೆ ತುಂಬಿದೆ. ಗೇಟಿನ ಹತ್ತಿರ ತಿರುಗಿ ನೋಡಿದರೆ ಅವರ ಭಾವ ಪೈಪು ಹಿಡಿದು ನೆಲ ತೊಳೆಯುತ್ತಿದ್ದರು. ಕೂದಲು ಬಿದ್ದ ಜಾಗವನ್ನಲ್ಲ, ನಾನು ನಿಂತಿದ್ದ ಜಾಗವನ್ನು. ಸದಾನಂದಣ್ಣ ನೋಡುತ್ತಾ ನಿಂತಿದ್ದರು, ಬೇಡ ಅನ್ನಲಿಲ್ಲ.

ಸಮಿತಿಯ ಏಳು ಜನರ ಎದುರು ಇದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಸದಾನಂದಣ್ಣನ ಬಾಯಿ ಆಗಲೇ ಮುಚ್ಚುತ್ತಿತ್ತು. ಆದರೆ ಕುರ್ಚಿಯಲ್ಲಿ ಕುಳಿತವನ ಅಳು, ಮಾತು, ಗುಟ್ಟು ಅಂಗಡಿಯ ಹೊಸ್ತಿಲು ದಾಟಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದರು. ನುಂಗಿಕೊಂಡೆ. ಈಗ ಬರೆಯುತ್ತಿದ್ದೀಯಲ್ಲ ಎಂದು ಕೇಳಬಹುದು. ಹೆಸರು ಬದಲಿಸಿದ್ದೇನೆ. ಅಷ್ಟು ಸಾಕು ಎಂದು ನನ್ನ ಮನಸ್ಸು ಹೇಳುತ್ತದೆ.

"ತೋರ್ಸುದಾದ್ರೆ ಇಡೀ ತೋರ್ಸುದು ಸದಾನಂದಣ್ಣ. ಇಲ್ಲದಿದ್ರೆ ಇಲ್ಲ" ಎಂದೆ.

"ನಿನ್ನದು ಭಾರೀ ಹಟ ಆಯ್ತು. ಆ ಸೀನಿನಲ್ಲಿ ಎಂತ ಉಂಟು ಅಂತ ನಿನಗೆ?"

"ನನ್ನ ಅಪ್ಪ ಉಂಟು."

"ಆಯ್ತು, ನೋಡುವ" ಎಂದು ಸದಾನಂದಣ್ಣ ಸಭೆ ಮುಗಿಸಿದರು.

ಮನೆಯಲ್ಲಿ ಇನ್ನೊಂದು ಯುದ್ಧ. ಕನ್ನಡ ಟೈಪಿಂಗ್ ಬರುವುದು ಶಾಲಿನಿಗೆ. ನಾನು ಹೇಳಿ ಬರೆಸಬೇಕು, ಅವಳು ಕುಟ್ಟಬೇಕು. "ಇಷ್ಟು ವರ್ಷ ಯಾರೂ ಕೇಳ್ಲಿಲ್ಲ. ಈಗ ನೀವಾಗಿಯೇ ಡಂಗುರ ಹೊಡೀಲಿಕ್ಕೆ ಹೊರಟಿದ್ದೀರಲ್ಲ, ಯಾಕೆ?" ಎಂದು ಕೇಳಿದಳು. "ನೀನು ಟೈಪ್ ಮಾಡು, ಗೊತ್ತಾಗ್ತದೆ" ಎಂದೆ. ಮುಖ ಊದಿಸಿಕೊಂಡೇ ಕುಳಿತಳು. ಮಾತು ಕಡಿಮೆ ಇರುವ ಸಿನಿಮಾ, ಎಂಟು ಸಂಜೆಯಲ್ಲಿ ಮುಗಿಯಿತು. ಐದನೆಯ ಸಂಜೆ ಪಳನಿಯ ಹೆಂಡತಿ ಸಾಯುವ ಭಾಗ ಬಂತು. ಶಾಲಿನಿ ಬೆರಳು ನಿಲ್ಲಿಸಿದಳು.

"ಇವಳು ಸತ್ತಾಗ ಆ ಮನೆಯವರು ಯಾರೂ ಬರ್ಲಿಲ್ವಾ?"

"ಇಲ್ಲ."

"ನಮ್ಮ ಅಮ್ಮ ಹೋದಾಗಲೂ ನಮ್ಮೂರಿನ ದೊಡ್ಡ ಮನೆಯವರು ಬರ್ಲಿಲ್ಲ. ಅವರ ನಾಲ್ಕು ಮಕ್ಕಳ ಹೆರಿಗೆ ಅಮ್ಮನೇ ಮಾಡ್ಸಿದ್ದು." ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಇದನ್ನು ನನಗೆ ಹೇಳಿರಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದಳು, ಮತ್ತೆ ಟೈಪ್ ಮಾಡಲು ಕುಳಿತಳು. ಆ ದಿನದಿಂದ ಅವಳು ಯಾಕೆ ಎಂದು ಕೇಳಲಿಲ್ಲ. ಬದಲಿಗೆ ನನ್ನ ಕನ್ನಡ ಸರಿಯಿಲ್ಲ ಎಂದು ತಿದ್ದತೊಡಗಿದಳು.

ಕೂಟದ ದಿನ ಸುಮಾರು ಅರುವತ್ತು ಜನ ಇದ್ದರು. ಪತ್ರೊಡೆ ಮೂರು ಸಲ ಹಾಕಿಸಿಕೊಂಡವರು ಕುರ್ಚಿಯಲ್ಲೇ ಒರಗಿ ಕಣ್ಣು ಮುಚ್ಚಿದ್ದರು. ಎರಡೂವರೆಗೆ ದೀಪ ಆರಿಸಿದೆವು. ಮುರುಗೇಶನ್ ಲ್ಯಾಪ್‌ಟಾಪಿನ ಎದುರು, ನಾನು ಅವನ ಪಕ್ಕ. ನಮ್ಮ ಜನರಿಗೆ ಇಂತಹ ಸಿನಿಮಾ ಅಭ್ಯಾಸವಿಲ್ಲ. "ಇದೆಂತ ಮಾರಾಯ್ರೆ, ಅವ ಆಗಿಂದ ಕತ್ತಿ ಮಸೀತಾನೇ ಇದ್ದಾನೆ" ಎಂದು ಯಾರೋ ಹೇಳಿ ನಾಲ್ಕು ಜನ ನಕ್ಕರು. ನಾನೂ ನಕ್ಕೆ, ಮಾತು ಸುಳ್ಳಲ್ಲ. ಆದರೂ ಹೆಂಡತಿ ಸಾಯುವ ಹೊತ್ತಿಗೆ ಗೊರಕೆ ನಿಂತಿತ್ತು, ಹೆಂಗಸರು ಸೆರಗಿನಿಂದ ಕಣ್ಣು ಒರೆಸುತ್ತಿದ್ದರು.

ದೊಡ್ಡ ಮನೆಯ ಅಂಗಳದಲ್ಲಿ ಹೆಣ ಮಲಗಿಸಿದ್ದಾರೆ, ಪಳನಿ ಪೆಟ್ಟಿಗೆ ಹಿಡಿದು ಒಳಗೆ ಬರುತ್ತಿದ್ದಾನೆ. ಆಗ ಹಾಲಿನ ಟ್ಯೂಬ್‌ಲೈಟುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.

"ಹದಿನೈದು ನಿಮಿಷ ಟೀ ಬ್ರೇಕ್!" ಸದಾನಂದಣ್ಣ ಮೈಕು ಹಿಡಿದು ನಿಂತಿದ್ದರು. "ಗೋಳಿಬಜೆ ಬಿಸಿ ಉಂಟು, ಎಲ್ಲರೂ ಬನ್ನಿ. ಪಿಕ್ಚರ್ ಓಡ್ತಾ ಇರ್ಲಿ, ತೊಂದ್ರೆ ಇಲ್ಲ."

ಮೆಚ್ಚಬೇಕು ಅವರ ತಲೆಯನ್ನು. ಕತ್ತರಿಸಲಿಲ್ಲ, ನಿಲ್ಲಿಸಲಿಲ್ಲ. ಹನ್ನೊಂದು ನಿಮಿಷ ಖಾಲಿ ಕುರ್ಚಿಗಳಿಗೆ ತೋರಿಸಿದರೆ ಆಯಿತು. ಜನ ಏಳತೊಡಗಿದರು. ಗೋಳಿಬಜೆಯ ಪರಿಮಳ ಬಂದ ಮೇಲೆ ನಮ್ಮವರನ್ನು ಹಿಡಿದು ಕೂರಿಸುವವರು ಯಾರು?

ನಾನು ಕೈ ಚಾಚಿ ಸಿನಿಮಾವನ್ನು ನಿಲ್ಲಿಸಿದೆ. ಪರದೆಯ ಮುಂದೆ ಹೋಗಿ ನಿಂತೆ. ಹದಿನಾಲ್ಕು ವರ್ಷದಲ್ಲಿ ಆ ಜಾಗದಲ್ಲಿ ನಿಂತದ್ದು ಅದೇ ಮೊದಲು.

"ಟೀ ಕುಡ್ದು ಬನ್ನಿ. ಗೋಳಿಬಜೆ ತಿನ್ನಿ, ಅವಸರ ಇಲ್ಲ. ನೀವೆಲ್ಲ ವಾಪಸ್ ಬಂದು ಕೂರುವವರೆಗೆ ಪಿಕ್ಚರ್ ಮುಂದೆ ಹೋಗುದಿಲ್ಲ. ನಾನು ಇಲ್ಲೇ ನಿಂತಿರ್ತೇನೆ."

ಸದಾನಂದಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಕರುಣಾಕರ, ಮರ್ಯಾದೆ ತೆಗೀಬೇಡ."

"ಯಾರದ್ದು ಸದಾನಂದಣ್ಣ?" ಎಂದೆ.

ಅವರು ನನ್ನ ಕಣ್ಣು ನೋಡಿದರು. ನಾನು ಏನನ್ನು ಹೇಳದೆ ಇಟ್ಟುಕೊಂಡಿದ್ದೇನೆ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಸರಿದು ನಿಂತರು. ನಾನು ನಿಂತೇ ಇದ್ದೆ. ಮೊದಲು ಒಳಗೆ ಬಂದವಳು ಶಾಲಿನಿ. ಟೀ ಮುಟ್ಟಿರಲಿಲ್ಲ. ಸಮಿತಿಯವರಿಗೆಂದು ಚೀಟಿ ಅಂಟಿಸಿದ್ದ ಮೊದಲ ಸಾಲಿನ ನಡುಗುರ್ಚಿಯಲ್ಲಿ ಹೋಗಿ ಕುಳಿತಳು. ಅವಳ ಹಿಂದೆ ಅವಳ ಕ್ಲಿನಿಕ್ಕಿನ ಇಬ್ಬರು, ಆಮೇಲೆ ಕೈಯಲ್ಲಿ ಕಾಗದದ ತಟ್ಟೆ ಹಿಡಿದ ಗಂಡಸರು, ಒಬ್ಬೊಬ್ಬರಾಗಿ. ಇಪ್ಪತ್ತು ನಿಮಿಷ ಹಿಡಿಯಿತು. ಐದಾರು ಜನ ಬರಲಿಲ್ಲ, ಮನೆಗೆ ಹೋದರಂತೆ. ಹೋಗಲಿ. ಸದಾನಂದಣ್ಣ ಬಾಗಿಲ ಬಳಿ ನಿಂತೇ ನೋಡಿದರು. ಮುರುಗೇಶನ್ ದೀಪ ಆರಿಸಿದ.

ಹನ್ನೊಂದು ನಿಮಿಷ ಯಾರೂ ಕೆಮ್ಮಲಿಲ್ಲ. ಓದಲು ಸಬ್‌ಟೈಟಲ್ ಇಲ್ಲ, ಅರ್ಥವಾಗಲಿಲ್ಲ ಎಂದು ಹೇಳಲು ತಮಿಳೂ ಇಲ್ಲ. ಪಳನಿ ಪೆಟ್ಟಿಗೆ ಮುಚ್ಚಿ ಎದ್ದಾಗ, ಮಗನನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದಿದ್ದ ಮುದುಕರೊಬ್ಬರು ಹಿಂದಿನ ಸಾಲಿನಿಂದ ಗಟ್ಟಿಯಾಗಿ "ಸರಿ ಮಾಡ್ದ" ಎಂದರು. ಅವರ ಮಗ ಶ್ ಎಂದ. ಮುದುಕರು ಇನ್ನೂ ಗಟ್ಟಿಯಾಗಿ "ಸರಿಯೇ ಮಾಡ್ದ ಅಂದೆ" ಎಂದರು.

ಸಿನಿಮಾ ಮುಗಿಯಿತು. ವಂದನಾರ್ಪಣೆಗೆ ಮೈಕು ಹಿಡಿದ ಸದಾನಂದಣ್ಣ ಚಿಕ್ಕದಾಗಿ ಮುಗಿಸಲು ನೋಡಿದರು. "ಈ ಚಿತ್ರ ತೋರ್ಸಿದ ನಮ್ಮ ಮೇಕಪ್ ಕರುಣಾಕರ ಅವರಿಗೆ ಧನ್ಯವಾದ." ನಾನು ಮುಂದೆ ಹೋಗಿ ಮೈಕಿಗೆ ಕೈ ಚಾಚಿದೆ. ಅಷ್ಟು ಜನರ ಎದುರು ಕೊಡದೆ ಇರಲು ಅವರಿಗೆ ಆಗಲಿಲ್ಲ.

"ನಾನು ಮೇಕಪ್ ಕರುಣಾಕರ ಅಲ್ಲ" ಎಂದೆ. "ನಾನು ಕ್ಷೌರಿಕ. ಅರಾದಿನಲ್ಲಿ ನನ್ನ ಸಲೂನ್ ಉಂಟು. ನನ್ನ ಅಪ್ಪ ಐತಪ್ಪ, ಕಾರ್ಕಳದ ಹತ್ರ ಮೂರು ಊರಿನ ಕ್ಷೌರಿಕ. ನೀವೀಗ ನೋಡಿದ ಕೆಲಸವನ್ನು ಅವರು ನಲವತ್ತು ವರ್ಷ ಮಾಡಿದ್ದಾರೆ. ಯಾವ ಮನೆಯ ಜಗಲಿಯನ್ನೂ ಹತ್ತಲಿಲ್ಲ, ಹತ್ತಲಿಕ್ಕೆ ಬಿಡ್ಲಿಲ್ಲ. ಇಷ್ಟು ವರ್ಷ ಆಟಿಯ ದಿನ ನಿಮ್ಮ ಹಿರಿಯರ ಕಷ್ಟವನ್ನು ನಾನು ಕೇಳಿದ್ದೇನೆ. ಇವತ್ತು ನೀವು ನನ್ನ ಹಿರಿಯರದ್ದನ್ನು ನೋಡಿದ್ರಿ. ಲೆಕ್ಕ ಸರಿ ಆಯ್ತು ಅಂತ ನಾನು ಹೇಳುದಿಲ್ಲ. ನೋಡಿದ್ರಲ್ಲ, ಅದಕ್ಕೆ ಸಂತೋಷ. ಇನ್ನು ಪರದೆಯ ಹಿಂದಿನ ಕೆಲಸಕ್ಕೆ ನನ್ನನ್ನು ಕರೀಬೇಡಿ."

ಚಪ್ಪಾಳೆ ಬಿತ್ತೇ ಎಂದು ಕೇಳುವವರಿದ್ದಾರೆ. ಕೆಲವರು ತಟ್ಟಿದರು, ಹಲವರು ಚಪ್ಪಲಿ ಹುಡುಕುತ್ತಿದ್ದರು. ಶಾಲಿನಿ ತಟ್ಟಲಿಲ್ಲ, ಎದ್ದು ನಿಂತಿದ್ದಳು. ವಾಪಸ್ ಅರಾದಿಗೆ ಬರುವಾಗ ಸೇತುವೆಯ ಮೇಲೆ ಮುರುಗೇಶನ್ ಹಿಂದಿನ ಸೀಟಿನಿಂದ, ಪುಸ್ತಕದ ಮಾತುಗಳನ್ನು ಡೈರೆಕ್ಟರ್ ತಿಂದದ್ದೇ ಸರಿ ಎಂದು ಒಪ್ಪಿಕೊಂಡ. ಅದೊಂದು ಗೆಲುವು ನನಗೆ ಖಂಡಿತ ಸಿಕ್ಕಿತು.

ಉಳಿದದ್ದನ್ನು ಗೆಲುವು ಎನ್ನಬೇಕೋ ಬೇಡವೋ ಗೊತ್ತಿಲ್ಲ. ಸಂಘದ ವಾಟ್ಸ್ಯಾಪ್ ಗುಂಪಿನಿಂದ ನನ್ನ ನಂಬರು ಆ ತಿಂಗಳೇ ಮಾಯವಾಯಿತು. ಮರುವರ್ಷದ ಆಟಿ ಕೂಟಕ್ಕೆ ಕರೆ ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ಹಳೆಯ ಗಿರಾಕಿಗಳಲ್ಲಿ ಕೆಲವರು ಬೇರೆ ಅಂಗಡಿ ಹುಡುಕಿಕೊಂಡರು. ಸದಾನಂದಣ್ಣ ಎದುರು ಸಿಕ್ಕರೆ ಫೋನು ಕಿವಿಗೆ ಹಿಡಿಯುತ್ತಾರೆ. ಅಷ್ಟೆಲ್ಲ ಬೇಕಿತ್ತೇ, ಸೀನು ತೆಗೆದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನನ್ನ ಕುರ್ಚಿಯಲ್ಲಿ ಕುಳಿತೇ ಬುದ್ಧಿ ಹೇಳುವವರಿದ್ದಾರೆ. ಕತ್ತಿ ಕೈಯಲ್ಲಿ ಇರುವಾಗ ನಾನು ವಾದ ಮಾಡುವುದಿಲ್ಲ. ಗಡ್ಡ ಮುಗಿಸಿ, ಮುಖ ಒರೆಸಿ, ಬಟ್ಟೆ ಕೊಡವಿದ ಮೇಲೆ ಹೇಳುತ್ತೇನೆ: ಅವರು ಇನ್ನೊಮ್ಮೆ ಕರೆಯಲಿ, ಆ ಹನ್ನೊಂದು ನಿಮಿಷವನ್ನು ಎರಡು ಸಲ ತೋರಿಸುತ್ತೇನೆ.